ಹೂಂಗುಟ್ಟುವವರು ಬೇಕಾಗಿದ್ದಾರೆ

ಕನ್ನಡ ಉಳಿಸುವ ಕೆಲಸವನ್ನು ಇನ್ನು ಬೇರೆಯವರ ಕೈಗೆ ಬಿಟ್ಟರೆ ಆಗುವುದಿಲ್ಲ, ತಾನೇ ಇಳಿಯಬೇಕು ಎಂದು ಚಂದ್ರಾ ಲೇಔಟಿನ ಪುರುಷೋತ್ತಮ ತೀರ್ಮಾನಿಸಿದ್ದು 2007ನೇ ಇಸವಿಯ ಜುಲೈ ತಿಂಗಳ ಒಂದು ಭಾನುವಾರ, ಬಚ್ಚಲುಮನೆಯಲ್ಲಿ, ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡು. ಇಂಥ ಐತಿಹಾಸಿಕ ತೀರ್ಮಾನವನ್ನು ಬಾಯಿ ಮುಕ್ಕಳಿಸುವವರೆಗೂ ತಡೆದಿಟ್ಟುಕೊಳ್ಳುವುದು ಅವನಿಂದ ಆಗಲಿಲ್ಲ. ಬ್ರಷ್ಷು ಹಿಡಿದುಕೊಂಡೇ ಅಡುಗೆಮನೆ ಬಾಗಿಲಿಗೆ ಬಂದು ನಿಂತ.

"ಇಂದ್ರಾ, ನಾನು ಬ್ಲಾಗ್ ಶುರು ಮಾಡ್ತಾ ಇದೀನಿ."

"ಮೊದ್ಲು ಹೋಗಿ ಉಗಿದು ಬನ್ನಿ. ಈಗ ತಾನೇ ನೆಲ ಒರೆಸಿದೀನಿ," ಎಂದಳು ಹೆಂಡತಿ ಇಂದ್ರಮ್ಮ.

ಉಗಿದು ಬಂದ. ಬ್ಲಾಗ್ ಅಂದರೆ ಏನು ಎಂದು ವಿವರಿಸಿದ. ಇಂಟರ್ನೆಟ್ಟಿನಲ್ಲಿ ನಮ್ಮದೇ ಒಂದು ಪುಟ, ನಾವೇ ಬರೆಯುವುದು, ನಾವೇ ಹಾಕುವುದು, ಸಂಪಾದಕರ ಕಾಟ ಇಲ್ಲ, ಇಡೀ ಪ್ರಪಂಚ ಓದುತ್ತದೆ. ಇಂದ್ರಮ್ಮ ಒಗ್ಗರಣೆಗೆ ಸಾಸಿವೆ ಹಾಕಿ, ಅದು ಸಿಡಿದು ಮುಗಿಯುವವರೆಗೂ ಕಾದು, ಕೇಳಿದಳು.

"ಬರೀರಿ ಅಂತ ಯಾರಾದ್ರೂ ಕೇಳಿದ್ರಾ?"

"ಇಲ್ಲ."

"ಬರೆದ್ರೆ ಏನಾದ್ರೂ ಕೊಡ್ತಾರಾ?"

"ಛೇ, ಇಲ್ಲ."

"ಬರೀದಿದ್ರೆ ಬೈತಾರಾ?"

"ಯಾರು ಬೈತಾರೆ?"

"ಮತ್ತೆ ಯಾಕೆ?"

ಪುರುಷೋತ್ತಮ ಎದೆ ಸೆಟೆಸಿ, "ನಿಷ್ಕಾಮ ಸೇವೆ ಕಣೇ," ಎಂದ. ಇಂದ್ರಮ್ಮ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ಗ್ಯಾಸ್ ಬುಕ್ ಮಾಡಿ ಅಂತ ಮೂರು ದಿನದಿಂದ ಹೇಳ್ತಾ ಇದೀನಿ. ಆ ಸೇವೆ ಮೊದ್ಲು ಮಾಡಿ."

ಸುಳ್ಳು ಯಾಕೆ ಹೇಳಬೇಕು? ನಿಷ್ಕಾಮವೂ ಇಲ್ಲ, ಸೇವೆಯೂ ಇಲ್ಲ. ಪುರುಷೋತ್ತಮನಿಗೆ ಆಗ ನಲವತ್ತಾರು ವರ್ಷ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಇಪ್ಪತ್ತೆರಡು ವರ್ಷದಿಂದ ಅವನು ಬರೆದದ್ದನ್ನೆಲ್ಲ ಯಾರೋ ಓದದೆಯೇ ಸಹಿ ಹಾಕಿ ಮುಂದಕ್ಕೆ ಕಳಿಸಿದ್ದರು. ಮನೆಯಲ್ಲಾದರೋ, ಅವನು "ನಾನು ಚಿಕ್ಕವನಿದ್ದಾಗ" ಎಂದು ಬಾಯಿ ತೆರೆದರೆ ಸಾಕು, ಪಿಯುಸಿ ಓದುವ ಮಗಳು ಧನ್ಯಶ್ರೀ, "ಅಪ್ಪಾ, ಬಾವಿ ಕಥೆನಾ?" ಎಂದು ಕೇಳಿ ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೇಳುವವಳು ಒಬ್ಬಳಿದ್ದಳು, ಅವನ ಅವ್ವ ಚಿಕ್ಕಗಂಗಮ್ಮ. ಕಥೆ ಹೇಳುವವನಿಗೆ ಎದುರಿಗೆ ಕೂತು ಹೂಂಗುಟ್ಟುವವರು ಬೇಕು, ಹೂಂ ಇಲ್ಲದ ಕಥೆ ಮುಂದಕ್ಕೆ ಹೋಗುವುದಿಲ್ಲ ಎಂಬುದು ಅವಳ ಕಾಲದ ನೇಮ. ದಿನಾ ಸಂಜೆ ಮಗ ಕಚೇರಿಯಿಂದ ಬಂದು ಮೆಟ್ಟಿಲ ಮೇಲೆ ಕೂತು ಮಾತು ಶುರು ಮಾಡಿದರೆ, ಅವಳು ಪಕ್ಕದಲ್ಲಿ ಏನಾದರೂ ಸೋಸುತ್ತಾ, ಸುಲಿಯುತ್ತಾ, ಮಾತಿಗೊಂದು ಹೂಂ ಹಾಕುತ್ತಿದ್ದಳು. ಕೊನೆಕೊನೆಗೆ ಅವಳಿಗೆ ಕಿವಿ ಮಂದವಾಯಿತು. ಬೀದಿಯಲ್ಲಿ ಪಟಾಕಿ ಹೊಡೆದರೂ ತಿರುಗುತ್ತಿರಲಿಲ್ಲ. ಆದರೆ ಮಗನ ಕಥೆಗೆ ಮಾತ್ರ ಒಂದು ಹೂಂ ತಪ್ಪುತ್ತಿರಲಿಲ್ಲ. "ನೋಡು, ನನ್ನ ಮಾತು ಮಾತ್ರ ಅವಳಿಗೆ ಕೇಳುತ್ತೆ," ಎಂದು ಪುರುಷೋತ್ತಮ ಹೆಂಡತಿಯೆದುರು ಬೀಗುತ್ತಿದ್ದ.

ಅವ್ವ ಹಿಂದಿನ ವರ್ಷ ಹೋಗಿಬಿಟ್ಟಿದ್ದಳು. ಹೂಂ ಕೂಡ ಅವಳೊಂದಿಗೇ ಹೋಗಿತ್ತು. ಮೆಟ್ಟಿಲ ಮೇಲೆ ಒಬ್ಬನೇ ಕೂರುವ ಪುರುಷೋತ್ತಮನ ಹೊಟ್ಟೆಯಲ್ಲೇ ಕಥೆಗಳು ಹುಳಿಯತೊಡಗಿದ್ದವು. ಬ್ಲಾಗಿನ ಹಿಂದಿನ ಗುಟ್ಟು ಇಷ್ಟೇ. ಇದನ್ನು ಹೆಂಡತಿಗೆ ಹೇಳಲು ನಾಚಿಕೆಯಾಗಿ ಕನ್ನಡಾಂಬೆಯನ್ನು ಮಧ್ಯೆ ಎಳೆತಂದಿದ್ದ.

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ದರ್ಶಿನಿಯೊಂದರ ಮೇಲಿನ ಮಹಡಿಯಲ್ಲಿ ರವಿಕುಮಾರನ ಸೈಬರ್ ಸೆಂಟರ್ ಇತ್ತು. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಆಗ ಅಲ್ಲಿ ಎಂಟು ಕಂಪ್ಯೂಟರ್, ನಡುವೆ ಪ್ಲೈವುಡ್ ಗೋಡೆ, ಹೊರಗೆ ಚಪ್ಪಲಿ ರಾಶಿ, ಒಳಗೆ ಊದುಬತ್ತಿ ವಾಸನೆ, ಕೆಳಗಿನಿಂದ ಬರುವ ಸಾಂಬಾರಿನ ಘಮ. ಕರೆಂಟು ಹೋದರೆ ಎಂಟೂ ಕಡೆಯಿಂದ "ಅಯ್ಯೋ" ಎಂದು ಒಂದೇ ಸ್ವರ ಏಳುತ್ತಿತ್ತು. ಎಂಟರಲ್ಲಿ ನಾಲ್ಕನೇ ನಂಬರಿನದಕ್ಕೆ ಮಾತ್ರ ರವಿಕುಮಾರ ಕನ್ನಡ ಹಾಕಿಕೊಟ್ಟಿದ್ದ. ಉಳಿದ ಏಳರಲ್ಲಿ ಕನ್ನಡ ತೆರೆದರೆ ಅಕ್ಷರದ ಬದಲು ಸಾಲುಸಾಲಾಗಿ ಖಾಲಿ ಚೌಕಗಳು ಕಾಣುತ್ತಿದ್ದವು. ಆ ಕಾಲದಲ್ಲಿ ಅದು ಎಲ್ಲ ಕಡೆಯೂ ಇದ್ದ ರೋಗ.

ನಾಲ್ಕನೇ ನಂಬರಿನಲ್ಲಿ ಕೂತು ಪುರುಷೋತ್ತಮ "ಬಾವಿಕಟ್ಟೆ" ಎಂಬ ಬ್ಲಾಗ್ ತೆರೆದ. ಪುಟದ ನೆತ್ತಿಯ ಮೇಲೆ ತನ್ನದೊಂದು ಫೋಟೊ. ಬಿಳಿ ಶರ್ಟು ಇನ್‌ಶರ್ಟ್ ಮಾಡಿ, ತಮ್ಮ ಬೀದಿಯ ಕೊನೆಯ ಖಾಲಿ ಜಾಗದಲ್ಲಿ ನಿಂತು, ಬೆರಳು ಚಾಚಿ ನೆಲ ತೋರಿಸುತ್ತಿದ್ದ. ಅವನ ಬಾಲ್ಯದ ಬಾವಿ ಇದ್ದದ್ದು ಅಲ್ಲೇ. ಮೊದಲ ಲೇಖನ, "ನಾನೇಕೆ ಬರೆಯುತ್ತೇನೆ". ಎರಡನೆಯದು ಬಾವಿ. ಮೂರನೆಯದು ಬಾವಿಯ ಪಕ್ಕದ ರಾಗಿ ಹೊಲ. ನಾಲ್ಕನೆಯದು ಮತ್ತೆ ಬಾವಿ, ಈ ಸಲ ಹಗ್ಗದ ಬಗ್ಗೆ.

ಪುಟದ ಅಡಿಯಲ್ಲಿ ಅದನ್ನು ಎಷ್ಟು ಸಲ ತೆರೆದು ನೋಡಿದರು ಎಂದು ತೋರಿಸುವ ಒಂದು ಪುಟ್ಟ ಮೀಟರು. ಮೊದಲ ತಿಂಗಳು ನಲವತ್ತಮೂರು. ಅದರಲ್ಲಿ ನಲವತ್ತು ಸಲ ಅವನೇ ತೆರೆದದ್ದು. ಉಳಿದ ಮೂರು ಸಲ ರವಿಕುಮಾರ, ಕೀಬೋರ್ಡು ಸರಿಯಿದೆಯಾ ಅಂತ. ಪುರುಷೋತ್ತಮನ ಮುಖ ಬಾಡಿತು. ಆದರೆ ಐದನೇ ಲೇಖನದ ಕೆಳಗೆ ಒಂದು ಬುಧವಾರ ಪವಾಡ ನಡೆಯಿತು. ಅನಾಮಿಕರೊಬ್ಬರು ಪ್ರತಿಕ್ರಿಯೆ ಹಾಕಿದ್ದರು. ಒಂದೇ ಮಾತು.

"ಹೂಂ."

ಪುರುಷೋತ್ತಮನ ಕಣ್ಣು ಮಂಜಾಯಿತು. ಮುಂದಿನ ಲೇಖನಕ್ಕೂ ಹೂಂ. ಅದರ ಮುಂದಿನದಕ್ಕೂ ಹೂಂ. ವಾರ ತಪ್ಪಲಿಲ್ಲ.

"ಯಾರೋ ದೊಡ್ಡ ವಿದ್ವಾಂಸರು," ಎಂದ ಹೆಂಡತಿಗೆ. "ತೂಕದ ಮನುಷ್ಯ. ಹೆಚ್ಚು ಮಾತಾಡಲ್ಲ."

"ಪಾಪ, ಬಾಯಿ ನೋವಿರಬೇಕು," ಎಂದಳು ಇಂದ್ರಮ್ಮ.

ಒಂದು ದಿನ ಅವಸರದಲ್ಲಿ ಪುರುಷೋತ್ತಮ ಕಥೆಯ ಬದಲು ಕಚೇರಿಯ ಟಿಪ್ಪಣಿಯೊಂದನ್ನು ಬ್ಲಾಗಿಗೆ ಅಂಟಿಸಿ ಬಂದುಬಿಟ್ಟ. ವಿಷಯ, ಮುರಿದ ಹದಿನಾಲ್ಕು ಕುರ್ಚಿಗಳ ವಿಲೇವಾರಿ. ಮರುವಾರ ಗೊತ್ತಾಯಿತು. ಅಳಿಸಲು ಹೋದರೆ, ಅದರ ಕೆಳಗೂ ಹೂಂ ಕೂತಿತ್ತು! ಪುರುಷೋತ್ತಮ ರೋಮಾಂಚನಗೊಂಡ. ಮುರಿದ ಕುರ್ಚಿಯಲ್ಲೂ ಬದುಕಿನ ಅರ್ಥ ಕಂಡ ಆ ಮಹಾನುಭಾವರ ಗೌರವಾರ್ಥ ಟಿಪ್ಪಣಿಯನ್ನು ಅಳಿಸದೆ ಬಿಟ್ಟ.

ಅಕ್ಟೋಬರ್ ಹೊತ್ತಿಗೆ ಮೀಟರಿಗೆ ಹುಚ್ಚು ಹಿಡಿಯಿತು. ದಿನಕ್ಕೆ ಎಪ್ಪತ್ತು, ತೊಂಬತ್ತು, ನೂರಿಪ್ಪತ್ತು. ದಸರಾ ರಜೆಯಲ್ಲಂತೂ ಇನ್ನೂರು ದಾಟಿತು. ಪುರುಷೋತ್ತಮನ ನಡಿಗೆಯೇ ಬದಲಾಯಿತು. ಹಾಲಿನ ಬೂತಿಗೆ ಹೋಗುವಾಗಲೂ ಯಾರಾದರೂ ಗುರುತು ಹಿಡಿದರೆ ಇರಲಿ ಎಂದು ತಲೆ ಬಾಚಿಕೊಂಡು ಹೋದ. ಡಿಸೆಂಬರ್‌ನಲ್ಲಿ ಮೀಟರು ಒಂಬತ್ತು ಸಾವಿರ ತೋರಿಸಿದ ದಿನ ಮನೆಗೆ ಬಂದು ಘೋಷಿಸಿದ.

"ಓದುಗರ ಸಮಾವೇಶ ಮಾಡ್ತೀನಿ. ನಮ್ಮ ಮನೇಲೇ. ಮೂರನೇ ಭಾನುವಾರ."

"ಎಷ್ಟು ಜನ?"

"ಒಂಬತ್ತು ಸಾವಿರದಲ್ಲಿ ನೂರಕ್ಕೊಬ್ಬರು ಬಂದ್ರೂ ತೊಂಬತ್ತು. ನೀನು ಐವತ್ತು ಜನಕ್ಕೆ ಉಪ್ಪಿಟ್ಟು, ಕೇಸರಿಬಾತ್ ಮಾಡು."

"ಯಾಕೆ ಅಂತ ಕೇಳಬಹುದಾ?"

"ಹೂಂ ಅನ್ನೋರನ್ನ ಒಂದ್ಸಲ ನೋಡಬೇಕು ಕಣೇ," ಎಂದ ಪುರುಷೋತ್ತಮ. ಈ ಸಲ ಕನ್ನಡಾಂಬೆ ಮಧ್ಯೆ ಬರಲಿಲ್ಲ. ಇಂದ್ರಮ್ಮ ಏನೋ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು ರವೆ ಡಬ್ಬ ಇಳಿಸಿದಳು.

ಆಹ್ವಾನವನ್ನು ಬ್ಲಾಗಿನಲ್ಲಿ ಕನ್ನಡದಲ್ಲೇ, ಮೂರು ಪುಟದಷ್ಟು ಬರೆದ. ಹೊರಗಿನ ಓದುಗರಿಗೂ ತಿಳಿಯಲಿ ಎಂದು ಕೊನೆಯಲ್ಲಿ ವಿಳಾಸ, ದಿನ, ಹತ್ತು ಗಂಟೆ ಎಂಬ ಸಮಯ, ಫೋನ್ ನಂಬರು ಇಷ್ಟನ್ನು ಇಂಗ್ಲಿಷಿನಲ್ಲಿ ಕೊಟ್ಟು, "ಟಿಫನ್ ಅರೇಂಜ್ಡ್, ಆಲ್ ಆರ್ ವೆಲ್ಕಮ್" ಎಂದು ಸೇರಿಸಿದ.

ಭಾನುವಾರ ಬಂತು. ಗೇಟಿನ ಒಳಗೆ ಶಾಮಿಯಾನ, ಬಾಡಿಗೆ ಕುರ್ಚಿ ಐವತ್ತು. ಎದುರು ಸಾಲಿನ ಮಧ್ಯದಲ್ಲಿ ಅವ್ವ ಕೂರುತ್ತಿದ್ದ ಬೆತ್ತದ ಕುರ್ಚಿ. ಅದರ ಮೇಲೆ ಪುರುಷೋತ್ತಮ ಹೊಸ ಟವೆಲ್ ಹಾಸಿಟ್ಟಿದ್ದ. ಅದು ಹೂಂ ಅನ್ನುವವರಿಗೆ. ಒಂಬತ್ತಕ್ಕೆ ಗೇಟಿಗೂ ಬಾಗಿಲಿಗೂ ಓಡಾಡತೊಡಗಿದ. ಯಾರೂ ಬರದಿದ್ದರೆ? ಐದು ಕೆಜಿ ರವೆ, ಅಕ್ಕಪಕ್ಕದ ಮನೆಯವರ ಕಣ್ಣು, ಮಗಳೆದುರಿನ ಮಾನ!

ಒಂಬತ್ತೂವರೆಗೆ ಜನ ಬರತೊಡಗಿದರು. ಒಬ್ಬರಲ್ಲ ಇಬ್ಬರಲ್ಲ, ಸಂಸಾರ ಸಮೇತ. ಹೆಂಗಸರ ಕೈಯಲ್ಲಿ ಛತ್ರಿ, ನೀರಿನ ಬಾಟಲಿ. ಒಬ್ಬರಂತೂ ಭಾವಮೈದುನನನ್ನೂ ಅಳತೆ ಟೇಪನ್ನೂ ಜೊತೆಗೆ ತಂದಿದ್ದರು. ಎಲ್ಲರೂ ಪುರುಷೋತ್ತಮನ ಮುಖ ನೋಡಿ, "ಹ್ಞಾ, ಫೋಟೋದಲ್ಲಿ ಇದ್ದವರು ಇವರೇ," ಎಂದು ಕೈ ಮುಗಿದರು. ಹತ್ತಕ್ಕೆ ಕುರ್ಚಿಗಳೆಲ್ಲ ತುಂಬಿ, ನಾಲ್ಕು ಜನ ಕಾಂಪೌಂಡಿಗೆ ಒರಗಿ ನಿಂತರು. ಉಪ್ಪಿಟ್ಟು ಎರಡೆರಡು ಸಲ ಹಾಕಿಸಿಕೊಂಡರು. ಧನ್ಯಶ್ರೀ ಬಾಯಿ ಬಿಟ್ಟುಕೊಂಡು ಅಪ್ಪನನ್ನು ನೋಡಿದಳು. ಬೆತ್ತದ ಕುರ್ಚಿಯೊಂದು ಮಾತ್ರ ಖಾಲಿ ಉಳಿದಿತ್ತು.

ಪುರುಷೋತ್ತಮ ಎದ್ದು ನಿಂತು, ಕೊರಳು ಸರಿಮಾಡಿಕೊಂಡು, ಬಾವಿಯ ಕಥೆ ಓದಿದ. ಇಲ್ಲೆಲ್ಲ ರಾಗಿ ಹೊಲ ಇದ್ದದ್ದು, ಮಾಗಡಿ ರಸ್ತೆಯಲ್ಲಿ ಹೋಗುವ ಬಸ್ಸಿನ ಸದ್ದು ಬಾವಿಕಟ್ಟೆಗೆ ಕೇಳುತ್ತಿದ್ದದ್ದು, ಅವ್ವ ಹಗ್ಗ ಎಳೆಯುವಾಗ ತಾನು ಹಿಂದೆ ನಿಂತು ಸೆರಗು ಹಿಡಿದುಕೊಳ್ಳುತ್ತಿದ್ದದ್ದು. ಜನ ಪಿಟಕ್ಕೆನ್ನದೆ ಕೇಳಿದರು. ಮುಗಿದ ಮೇಲೆ ಶಂಭುಲಿಂಗಪ್ಪ ಎಂಬ ನಿವೃತ್ತ ಮೇಷ್ಟ್ರು ಎದ್ದರು. ಬಾಗಲಕೋಟೆ ಕಡೆಯವರು, ಅನ್ನಪೂರ್ಣೇಶ್ವರಿ ನಗರದಲ್ಲಿ ಬಾಡಿಗೆಗಿದ್ದರು.

"ಸರ, ಬಾವ್ಯಾಗ ನೀರು ಎಷ್ಟು ಫೂಟಿಗೆ ಇತ್ತ್ರಿ?"

ಎಂಥ ಸೂಕ್ಷ್ಮ ಓದುಗ! "ನಲವತ್ತು ಅಡಿಗೆ ಸಾರ್."

"ಸೀ ನೀರೋ, ಉಪ್ಪೋ?"

"ಕಲ್ಲುಸಕ್ಕರೆ ಸಾರ್, ಕಲ್ಲುಸಕ್ಕರೆ."

ಜನರಲ್ಲಿ ಮೆಚ್ಚುಗೆಯ ಗುಜುಗುಜು ಹಬ್ಬಿತು. ಶಂಭುಲಿಂಗಪ್ಪ ಕನ್ನಡಕ ಏರಿಸಿದರು. "ಕಾಗದಪತ್ರ ಎಲ್ಲಾ ಬರೋಬ್ಬರಿ ಅದಾವೇನ್ರಿ?"

"ಕಾಗದದಲ್ಲಿ ಏನೂ ಇಲ್ಲ ಸಾರ್. ಎಲ್ಲಾ ಇಲ್ಲಿದೆ," ಎಂದು ಪುರುಷೋತ್ತಮ ಎದೆ ಮುಟ್ಟಿಕೊಂಡ.

ಗುಜುಗುಜು ನಿಂತಿತು. ಹಿಂದಿನ ಸಾಲಿನಿಂದ ಹೆಂಗಸೊಬ್ಬರು, "ಅಲ್ಲಿದ್ರೆ ಬ್ಯಾಂಕಿನೋರು ಲೋನ್ ಕೊಡ್ತಾರಾ?" ಎಂದು ಗಂಡನನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು. ಶಂಭುಲಿಂಗಪ್ಪ ಗಡಿಯಾರ ನೋಡಿಕೊಂಡರು.

"ಅದಿರಲಿ ಬಿಡ್ರಿ. ವ್ಯಾನು ಎಷ್ಟೊತ್ತಿಗೆ ಬರ್ತೈತಿ?"

"ಯಾವ ವ್ಯಾನು?"

"ಸೈಟ್ ತೋರ್ಸಾಕ ಕರ್ಕೊಂಡು ಹೋಗೋ ವ್ಯಾನು. ಕೆಂಗೇರಿ ಆಚೀಕಿನ ಲೇಔಟೋ, ಮಾಗಡಿ ರೋಡಿಂದೋ?"

ಆ ವರ್ಷಗಳಲ್ಲಿ ಪಶ್ಚಿಮ ಬೆಂಗಳೂರಿಗೆಲ್ಲ ಗೊತ್ತಿದ್ದ ಪದ್ಧತಿ ಅದು. ಸೈಟು ಮಾರುವವರು ಭಾನುವಾರ ಬೆಳಗ್ಗೆ ಜನರನ್ನು ಸೇರಿಸಿ, ಟಿಫನ್ ಕೊಟ್ಟು, ಒಂದು ಭಾಷಣ ಮಾಡಿ, ಆಮೇಲೆ ವ್ಯಾನಿನಲ್ಲಿ ತುಂಬಿಕೊಂಡು ಹೋಗಿ ಸುಣ್ಣದ ಗೆರೆ ಎಳೆದ ಹೊಲ ತೋರಿಸುತ್ತಿದ್ದರು. ಛತ್ರಿ, ಬಾಟಲಿ, ಅಳತೆ ಟೇಪು ಎಲ್ಲವೂ ಪುರುಷೋತ್ತಮನ ಕಣ್ಣಮುಂದೆ ಒಮ್ಮೆಲೇ ಬೆಳಗಿದವು.

"ಇದು ಸೈಟಿನ ಕಾರ್ಯಕ್ರಮ ಅಂತ ಯಾರು ಹೇಳಿದ್ರು ಸಾರ್?"

"ನಿಮ್ಮ ಫೋಟೋನ ಹೇಳ್ತೈತಲ್ರಿ. ಸೈಬರಿನ್ಯಾಗ ಯಾವ ಕಂಪ್ಯೂಟರ್ ಚಾಲೂ ಮಾಡಿದ್ರೂ ನೀವಽ. ಖಾಲಿ ಜಾಗಾ ತೋರ್ಸ್ಕೋತ ನಿಂತೀರಿ. ಕೆಳಗ ಸಾಲಾಗಿ ಚೌಕ ಚೌಕ ಪ್ಲಾಟು. ಅದರ ಕೆಳಗ ಅಡ್ರೆಸ್ಸು, ಫೋನು, ಟಿಫನ್. ಲೇಔಟ್ ಪ್ಲ್ಯಾನ್ ಅಲ್ದ ಮತ್ತೇನ್ರಿ ಅದು?"

ಕಾಂಪೌಂಡಿಗೆ ಒರಗಿ ಕೇಸರಿಬಾತ್ ತಿನ್ನುತ್ತಿದ್ದ ರವಿಕುಮಾರ ನಿಧಾನವಾಗಿ ಗೇಟಿನ ಕಡೆ ಸರಿಯತೊಡಗಿದ್ದ. ಪುರುಷೋತ್ತಮ ಅವನನ್ನು ಹಿಡಿದು ನಿಲ್ಲಿಸಿದ.

"ಸಾರ್, ಬೇಜಾರ್ ಮಾಡ್ಕೋಬೇಡಿ," ಎಂದ ರವಿಕುಮಾರ. "ನಿಮ್ಮ ಮೀಟರು ಮೇಲೇಳ್ತಾನೇ ಇರಲಿಲ್ಲ. ಬಂದು ನೋಡ್ಕೊಂಡು ಸಪ್ಪಗೆ ಹೋಗ್ತಿದ್ರಿ. ನನಗೆ ಹೊಟ್ಟೆ ಚುರುಕ್ ಅಂತು. ಅದಕ್ಕೇ ಎಂಟೂ ಸಿಸ್ಟಮ್ಮಲ್ಲಿ ಇಂಟರ್ನೆಟ್ ಆನ್ ಮಾಡಿದ ತಕ್ಷಣ ನಿಮ್ಮ ಪೇಜೇ ಬರೋ ಹಾಗೆ ಇಟ್ಟೆ. ಯಾರು ಬಂದು ಕೂತ್ರೂ ನಿಮಗೊಂದು."

ಒಂಬತ್ತು ಸಾವಿರ ಓದುಗರು ರೈಲ್ವೆ ಟಿಕೆಟ್ಟಿಗೂ ರಿಸಲ್ಟಿಗೂ ಬಂದವರಾಗಿದ್ದರು. ಏಳು ಕಂಪ್ಯೂಟರಿನಲ್ಲಿ ಅವನ ಬಾವಿ, ಹೊಲ, ಅವ್ವನ ಸೆರಗು ಎಲ್ಲವೂ ಖಾಲಿ ಚೌಕಗಳಾಗಿ ಕೂತಿದ್ದವು. ಪುರುಷೋತ್ತಮನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬೀದಿಯ ಕೊನೆಯ ಬಾವಿಯನ್ನು ಮುಚ್ಚಿದ್ದು ತಪ್ಪಾಯಿತು ಎಂದುಕೊಂಡ.

ಜನ ಕೆಟ್ಟವರಲ್ಲ. ಉಪ್ಪಿಟ್ಟು ತಿಂದ ಋಣಕ್ಕೆ ಯಾರೂ ಜೋರು ಮಾಡಲಿಲ್ಲ. ಛತ್ರಿ ಬಿಚ್ಚಿಕೊಂಡು ಒಬ್ಬೊಬ್ಬರಾಗಿ ಹೊರಟರು. ಶಂಭುಲಿಂಗಪ್ಪ ಕೊನೆಗೆ ಬಂದು ಕೈ ಹಿಡಿದುಕೊಂಡರು. "ಭಾಷಣ ಛಲೋ ಮಾಡಿದ್ರಿ. ಮುಂದ ಸೈಟ್ ಏನರ ಹಾಕಿದ್ರ ಒಂದು ಫೋನ್ ಹಚ್ಚ್ರಿ."

ಶಾಮಿಯಾನದಡಿ ಐವತ್ತು ಖಾಲಿ ಕುರ್ಚಿ, ಮಧ್ಯೆ ಪುರುಷೋತ್ತಮ. ಹೋದರೆ ಹೋಗಲಿ ಒಂಬತ್ತು ಸಾವಿರ. ಆ ಒಬ್ಬರೂ ಬರಲಿಲ್ಲವಲ್ಲ ಎಂಬುದೇ ಅವನನ್ನು ಕೊರೆಯುತ್ತಿತ್ತು. ಅಷ್ಟರಲ್ಲಿ ಇಂದ್ರಮ್ಮ ಒಂದು ಮೊರದ ತುಂಬ ಅವರೆಕಾಯಿ ಹಿಡಿದು ಹೊರಗೆ ಬಂದಳು. ಬೆಳಗಿನ ನಾಲ್ಕರಿಂದ ನಿಂತೇ ಇದ್ದವಳು ಉಸ್ಸೆಂದು ಬೆತ್ತದ ಕುರ್ಚಿಯಲ್ಲಿ ಕೂತಳು.

"ಅದರಲ್ಲಿ ಕೂತ್ಕೋಬೇಡ ಕಣೇ. ಅದು ಹೂಂ ಅನ್ನೋರಿಗೆ ಇಟ್ಟಿರೋದು."

"ಗೊತ್ತು," ಎಂದಳು ಇಂದ್ರಮ್ಮ. "ಅದಕ್ಕೇ ಕೂತೆ."

ಪುರುಷೋತ್ತಮನಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು.

"ನೀನಾ?"

"ಮಂಗಳವಾರ ತರಕಾರಿಗೆ ಹೋದಾಗ ಧನ್ಯಾ ಜೊತೆ ಮೇಲೆ ಹತ್ತಿ ಬರ್ತಿದ್ದೆ. ಮೂರು ಗುಂಡಿ ಒತ್ತಿದ್ರೆ ಹೂಂ ಬರುತ್ತೆ ಅಂತ ಅವಳೇ ತೋರಿಸ್ಕೊಟ್ಟಳು. ಅತ್ತೆ ಹೋಗೋಕೆ ಮುಂಚೆ ನನ್ನ ಕೈ ಹಿಡ್ಕೊಂಡು ಹೇಳಿದ್ರು, ಅವನಿಗೆ ಹೂಂ ಅನ್ನೋರಿಲ್ಲದಿದ್ರೆ ಒಳಗೊಳಗೇ ಕೊರಗ್ತಾನೆ ಕಣವ್ವ, ನೀನು ಅಂತಿರು ಅಂತ. ನೀವು ಮಾತು ತೆಗೆಯೋ ಹೊತ್ತಿಗೆ ಸರಿಯಾಗಿ ನನ್ನ ಕುಕ್ಕರ್ ಕೂಗುತ್ತೆ. ಹೂಂ ಅನ್ನೋಕೆ ಎಲ್ಲಿ ಪುರುಸೊತ್ತು? ಅದಕ್ಕೇ ವಾರಕ್ಕೊಂದ್ಸಲ ಒಟ್ಟಿಗೆ ಹಾಕಿ ಬರ್ತಿದ್ದೆ."

ಪುರುಷೋತ್ತಮ ಹೆಂಡತಿಯ ಪಕ್ಕದ ಮೆಟ್ಟಿಲ ಮೇಲೆ ಕುಸಿದು ಕೂತ. ಕಣ್ಣಲ್ಲಿ ನೀರು ತಾನಾಗಿ ಬಂತು. "ಹಾಗಾದ್ರೆ ಎಲ್ಲಾನೂ ಓದಿದ್ಯಾ?"

"ಓದೋದ್ಯಾಕೆ? ಇಪ್ಪತ್ತು ವರ್ಷದಿಂದ ಅದೇ ಬಾವಿ."

"ಕುರ್ಚಿ ಟಿಪ್ಪಣಿಗೂ ಹಾಗೇ ಹಾಕಿದ್ಯಾ?"

"ಯಾವ ಕುರ್ಚಿ?"

ಪುರುಷೋತ್ತಮ ನಿಟ್ಟುಸಿರುಬಿಟ್ಟ. "ಅವ್ವ ಒಬ್ಬಳೇ ನೋಡು, ಕಿವಿ ಮಂದ ಆದ್ರೂ ನನ್ನ ಮಾತು ಮಾತ್ರ ಪೂರ್ತಿ ಕೇಳಿಸ್ಕೊಳ್ತಿದ್ದಳು."

ಇಂದ್ರಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಿ, ಹೇಳಬೇಕೋ ಬೇಡವೋ ಎಂದು ಯೋಚಿಸಿ, ಹೇಳಿಯೇಬಿಟ್ಟಳು. "ರೀ, ಕೊನೇ ಎರಡು ವರ್ಷ ಅತ್ತೆಗೆ ಏನೂ ಕೇಳ್ತಿರಲಿಲ್ಲ. ನಿಮ್ಮ ತುಟಿ ನೋಡ್ತಿದ್ರು. ಅದು ನಿಂತ ತಕ್ಷಣ ಹೂಂ ಅಂತಿದ್ರು. ನಿಮಗೆ ಹೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು."

ಕೇಳಿಸದಿದ್ದರೂ ಎರಡು ವರ್ಷ ದಿನಾ ಸಂಜೆ ತನ್ನ ತುಟಿಯನ್ನೇ ನೋಡುತ್ತಾ ಕೂತ ಅವ್ವನ ಮುಖ ಕಣ್ಣೆದುರು ಬಂದು ಪುರುಷೋತ್ತಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಅವನೂ ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡ. ಬಾಯಿ ಸುಮ್ಮನಿರಬೇಕಲ್ಲ.

"ನಾನು ಚಿಕ್ಕವನಿದ್ದಾಗ," ಎಂದ.

"ಹೂಂ," ಎಂದಳು ಇಂದ್ರಮ್ಮ, ಕಾಯಿಯ ಮೇಲಿನ ಕಣ್ಣು ಎತ್ತದೆ.

"ಒಂದಿನ ಅವ್ವ ನೀರು ಸೇದೋಕೆ ಹಗ್ಗ ಬಿಟ್ಟಳು."

"ಹೂಂ."

ಇವಳು ಕೇಳುತ್ತಿದ್ದಾಳೋ, ಬರೀ ಗುಂಡಿ ಒತ್ತುತ್ತಿದ್ದಾಳೋ? ಪುರುಷೋತ್ತಮ ಓರೆಗಣ್ಣಿನಿಂದ ನೋಡಿ ಒಂದು ಪರೀಕ್ಷೆ ಮಾಡಿಬಿಡೋಣ ಎಂದುಕೊಂಡ.

"ಎಳೆದ್ರೆ ಭಾರ. ಎಳೀತಾಳೆ, ಎಳೀತಾಳೆ, ಮೇಲಕ್ಕೆ ಬಂತು ನೋಡು ಒಂದು ಆನೆ."

"ಹೂಂ," ಎಂದಳು ಇಂದ್ರಮ್ಮ.

ಪುರುಷೋತ್ತಮನ ಮುಖ ಇಳಿದುಹೋಯಿತು. ಕೈಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ ಏಳಲು ಹೊರಟ.

"ಎಲ್ಲಿಗೆ?" ಎಂದಳು ಇಂದ್ರಮ್ಮ. "ಆ ಆನೇನ ಒಳಗೆ ಕರ್ಕೊಂಡು ಬನ್ನಿ. ಇನ್ನೂ ಅರ್ಧ ಕೊಳಗ ಉಪ್ಪಿಟ್ಟು ಉಳಿದಿದೆ."